ಐಎಫ್‌ಸಿ ಕೆಲಸಕ್ಕೆ ಹೊರಗಿನ ಸಿಎ ಕಚೇರಿ: ಕೊಟ್ಟ ದುಡ್ಡಿಗೆ ಏನು ಸಿಕ್ಕಿತು

ಸಣ್ಣ ಎನ್‌ಬಿಎಫ್‌ಸಿಗಳಲ್ಲಿ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿಗಳಲ್ಲಿ) ಅಕೌಂಟ್ಸ್ ನೋಡಿಕೊಳ್ಳುವವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಹೋದ ವರ್ಷ ನಮ್ಮ ಕಂಪನಿಯ ಐಎಫ್‌ಸಿ ಕೆಲಸವನ್ನು ಹುಬ್ಬಳ್ಳಿಯ ಒಂದು ಸಿಎ ಕಚೇರಿಗೆ ಕೊಟ್ಟಿದ್ದೆವು. ಐಎಫ್‌ಸಿ ಅಂದರೆ ಇಂಟರ್ನಲ್ ಫೈನಾನ್ಶಿಯಲ್ ಕಂಟ್ರೋಲ್ಸ್. ಲೆಕ್ಕ ತಪ್ಪದ ಹಾಗೆ, ಯಾರೂ ತಿರುಚದ ಹಾಗೆ ಕಂಪನಿ ತನ್ನೊಳಗೇ ಇಟ್ಟುಕೊಳ್ಳುವ ತಪಾಸಣೆಗಳು. ಕಚೇರಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಒಂದಷ್ಟು ದೂರುಗಳೂ ಇವೆ. ಆದರೆ ಒಟ್ಟಾರೆ ಕೆಲಸ ಚೆನ್ನಾಗಿತ್ತು. ಅವರು ಬ್ರಾಂಚಿಗೆ ಬಂದು, ಕೂತು, ಒಂದೊಂದು ಸಾಲವನ್ನೂ ಮೊದಲಿಂದ ಕೊನೆವರೆಗೆ ಹಿಂಬಾಲಿಸಿ ನೋಡಿದರು. ನಾವು ಕೊಟ್ಟ ದುಡ್ಡು ವಸೂಲಾಗಿದ್ದು ಅಲ್ಲೇ.

ನಮ್ಮದು ಚಿನ್ನದ ಸಾಲ ಮತ್ತು ಸೆಕೆಂಡ್ ಹ್ಯಾಂಡ್ ವಾಹನ, ಟ್ರ್ಯಾಕ್ಟರ್ ಸಾಲ ಕೊಡುವ ಪ್ರೈವೇಟ್ ಲಿಮಿಟೆಡ್ ಕಂಪನಿ. ಬ್ರಾಂಚುಗಳು ಜಾಸ್ತಿ ಇರುವುದು ಗದಗ, ಹಾವೇರಿ, ಕೊಪ್ಪಳದ ಕಡೆ. "ಇಷ್ಟು ಸಣ್ಣ ಕಂಪನಿಗೂ ಇದೆಲ್ಲ ಬೇಕಾ?" ಅಂತ ನಮ್ಮ ಡೈರೆಕ್ಟರ್ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 143ರ ಪ್ರಕಾರ, ಹಣಕಾಸು ಪಟ್ಟಿಗೆ ಸಂಬಂಧಿಸಿದ ಕಂಟ್ರೋಲ್‌ಗಳು ಸಾಕಷ್ಟು ಇವೆಯಾ, ನಿಜವಾಗಿ ನಡೆಯುತ್ತಿವೆಯಾ ಅಂತ ಸ್ಟ್ಯಾಚ್ಯುಟರಿ ಆಡಿಟರ್, ಅಂದರೆ ಕಾನೂನಿನ ಪ್ರಕಾರ ಕಂಪನಿಯ ಲೆಕ್ಕ ತಪಾಸಣೆ ಮಾಡುವವರು, ತಮ್ಮ ವರದಿಯಲ್ಲಿ ಹೇಳಬೇಕು. 2017ರಲ್ಲಿ ಕಾಯ್ದೆಯ ಲೆಕ್ಕದಲ್ಲಿ 'ಸಣ್ಣ ಕಂಪನಿ' ಆದವಕ್ಕೂ ಇನ್ನು ಕೆಲವು ಪ್ರೈವೇಟ್ ಕಂಪನಿಗಳಿಗೂ ಇದರಿಂದ ವಿನಾಯಿತಿ ಸಿಕ್ಕಿತು. ನಮ್ಮಂಥ ಬೇರೆ ಪ್ರೈವೇಟ್ ಕಂಪನಿಗಳಿಗಾದರೆ ವಹಿವಾಟು 50 ಕೋಟಿಗಿಂತ ಕಡಿಮೆ ಇರಬೇಕು, ಜೊತೆಗೆ ಬ್ಯಾಂಕು ಮತ್ತಿತರ ಸಂಸ್ಥೆಗಳಿಂದ ತಂದ ಸಾಲ ವರ್ಷದ ಯಾವ ದಿನವೂ 25 ಕೋಟಿ ಮುಟ್ಟಿರಬಾರದು. ನಮ್ಮ ವಹಿವಾಟು 50 ಕೋಟಿಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಸಾಲ ಕೊಡುವ ಕಂಪನಿ ನಡೆಯುವುದೇ ಸಾಲ ತಂದು ಅಲ್ವಾ? 25 ಕೋಟಿ ಬೇಗ ದಾಟುತ್ತದೆ. ನಮ್ಮಂಥ ಕಂಪನಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಈ ಎರಡನೇ ಷರತ್ತಿನಲ್ಲೇ.

ನಮ್ಮ ಆಡಿಟರ್ ಹತ್ತಿರವೇ ಮಾಡಿಸಬಹುದಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಸೆಕ್ಷನ್ 144 ಪ್ರಕಾರ ಸ್ಟ್ಯಾಚ್ಯುಟರಿ ಆಡಿಟರ್ ಅದೇ ಕಂಪನಿಯ ಇಂಟರ್ನಲ್ ಆಡಿಟ್ ಮಾಡುವಂತಿಲ್ಲ, ಹಣಕಾಸು ಮಾಹಿತಿ ವ್ಯವಸ್ಥೆ ಕಟ್ಟಿಕೊಡುವಂತಿಲ್ಲ. ತಾನೇ ಕಟ್ಟಿದ್ದನ್ನು ತಾನೇ ಪರೀಕ್ಷೆ ಮಾಡಿದರೆ ಏನು ಪ್ರಯೋಜನ? ಹಾಗಾಗಿ ಬೇರೆಯವರೇ ಬೇಕು. ಇದಕ್ಕೂ ಮೊದಲು ಒಂದು ಸಾಫ್ಟ್‌ವೇರ್ ಕಂಪನಿಯ ಡೆಮೊ ಕೂಡ ನೋಡಿದ್ದೆವು. ಬಣ್ಣಬಣ್ಣದ ಡ್ಯಾಶ್‌ಬೋರ್ಡ್, ವರ್ಷವರ್ಷ ಲೈಸೆನ್ಸ್ ಫೀ. ಕಂಟ್ರೋಲ್‌ಗಳನ್ನು ಬರೆದಿಡಲು ಜಾಗ ಇತ್ತು. ಯಾವ ಕಂಟ್ರೋಲ್ ಬೇಕು ಅಂತ ಹೇಳುವವರು ಇರಲಿಲ್ಲ.

ಸಿಎ ಕಚೇರಿ ಮೊದಲು ಕಳಿಸಿದ ರಿಸ್ಕ್ ಕಂಟ್ರೋಲ್ ಮ್ಯಾಟ್ರಿಕ್ಸ್ ನೋಡಿ ನನಗೆ ಬೇಜಾರಾಯಿತು. ಈ ಕೆಲಸದಲ್ಲಿರುವವರೆಲ್ಲ ಅದನ್ನು ಆರ್‌ಸಿಎಂ ಅಂತಾರೆ. ಎಲ್ಲಿ ತಪ್ಪಾಗಬಹುದು, ಅದನ್ನು ತಡೆಯುವ ತಪಾಸಣೆ ಯಾವುದು, ಯಾರು ಮಾಡುತ್ತಾರೆ, ಎಷ್ಟು ದಿನಕ್ಕೊಮ್ಮೆ, ಸಾಕ್ಷಿ ಏನು ಅನ್ನುವ ದೊಡ್ಡ ಎಕ್ಸೆಲ್ ಪಟ್ಟಿ. ಅದರಲ್ಲಿ ಕಚ್ಚಾ ಮಾಲಿನ ದಾಸ್ತಾನು, ಗೋಡೌನ್ ಎಣಿಕೆ ಎಲ್ಲ ಇತ್ತು. ಯಾವುದೋ ಫ್ಯಾಕ್ಟರಿಗೆ ಮಾಡಿದ ಪಟ್ಟಿಯನ್ನೇ ನಮಗೂ ಕಳಿಸಿದ್ದರು. ವಾಪಸ್ ಕಳಿಸಿದೆ. ಬ್ರಾಂಚಿಗೆ ಹೋಗದೆ ಮುಂದಿನ ಪಟ್ಟಿ ಮಾಡಬೇಡಿ ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಒಬ್ಬ ಹಿರಿಯ ಮ್ಯಾನೇಜರ್ ಮತ್ತು ಒಬ್ಬ ಆರ್ಟಿಕಲ್ಡ್ ಹುಡುಗಿಯನ್ನು (ಸಿಎ ಓದುತ್ತಾ ಕಚೇರಿಯಲ್ಲಿ ತರಬೇತಿ ಪಡೆಯುವವಳು) ಕಳಿಸಿಕೊಟ್ಟರು. ಲಕ್ಷ್ಮೇಶ್ವರದ ಬ್ರಾಂಚಿಗೆ ನಾನೂ ಅವರ ಜೊತೆ ಹೋಗಿದ್ದೆ.

ಒಬ್ಬ ಹೆಂಗಸು ಎರಡು ಬಳೆ, ಒಂದು ಕಲ್ಲಿನ ನೆಕ್ಲೇಸ್ ತಂದಿದ್ದರು. ಚಿನ್ನ ಪರೀಕ್ಷೆ ಮಾಡುವ ಅಪ್ರೈಸರ್ ಒರೆಗಲ್ಲಿಗೆ ಉಜ್ಜಿ, ಆಸಿಡ್ ಹಾಕಿ ನೋಡಿ, ತೂಕ ಮಾಡಿದರು. ಒಟ್ಟು ತೂಕ ಬರೆದರು, ಕಲ್ಲಿಗೆ ಇಷ್ಟು ಅಂತ ಅಂದಾಜು ಕಳೆದರು, ನಿವ್ವಳ ತೂಕ ಬರೆದು ಸ್ಲಿಪ್ಪಿಗೆ ಸಹಿ ಹಾಕಿದರು. ಬ್ರಾಂಚ್ ಮ್ಯಾನೇಜರ್ ಅದನ್ನು ಸಾಫ್ಟ್‌ವೇರಿಗೆ ಏರಿಸಿದರು. ಆ ಹುಡುಗಿ ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲ ಬರೆದುಕೊಳ್ಳುತ್ತಿದ್ದಳು. ಆಮೇಲೆ ಮ್ಯಾನೇಜರನ್ನು ಕೇಳಿದಳು, "ಕಲ್ಲಿನ ತೂಕ ಸರಿಯಾಗಿ ಕಳೆದಾರ ಅಂತ ಯಾರು ನೋಡ್ತಾರ ಸರ್?"

"ನಾನೇ ನೋಡ್ತೀನಿ."

"ನೋಡಿದ್ದು ಎಲ್ಲಿ ಕಾಣ್ತದ?"

ಎಲ್ಲೂ ಕಾಣುತ್ತಿರಲಿಲ್ಲ. ಸ್ಲಿಪ್ಪಿನಲ್ಲಿ ಅಪ್ರೈಸರ್ ಸಹಿಗೆ ಮಾತ್ರ ಜಾಗ ಇತ್ತು. ಅವಳು ಅಲ್ಲಿಗೇ ಬಿಡಲಿಲ್ಲ. ಎಂಟ್ರಿ ಮಾಡಿದ ಲಾಗಿನ್ ಯಾವುದು, ಮಂಜೂರು ಮಾಡಿದ ಲಾಗಿನ್ ಯಾವುದು ಅಂತ ಸ್ಕ್ರೀನ್ ತೋರಿಸಲು ಹೇಳಿದಳು. ಎರಡು ಲಾಗಿನ್ ಬೇರೆಬೇರೆಯೇ. ಆದರೆ ಕ್ಯಾಷಿಯರ್ ಅವತ್ತು ರಜೆ. ಅವರ ಲಾಗಿನ್ನಿನಲ್ಲಿ ಎಂಟ್ರಿ ಆಗಿದ್ದು ಹೇಗೆ? ಪಾಸ್‌ವರ್ಡ್ ಮ್ಯಾನೇಜರ್ ಬಳಿ ಇತ್ತು. ಕಾಗದದ ಮೇಲೆ ಎಂಟ್ರಿ ಮಾಡುವ ಮೇಕರ್, ಮಂಜೂರು ಮಾಡುವ ಚೆಕರ್ ಇಬ್ಬರು. ಬ್ರಾಂಚಿನಲ್ಲಿ ಒಬ್ಬರೇ.

ಇದು ಲೆಕ್ಕಪತ್ರಕ್ಕೆ ಹೇಗೆ ಮುಟ್ಟುತ್ತದೆ ಅಂತ ನಮ್ಮ ಬ್ರಾಂಚಿನವರಿಗೆ ಅವಳೇ ಬಿಡಿಸಿ ಹೇಳಿದಳು. ನಿವ್ವಳ ತೂಕ ತಪ್ಪಾದರೆ ಅಡವಿನ ಬೆಲೆ ತಪ್ಪು. ಬೆಲೆ ತಪ್ಪಾದರೆ ಅದರ ಮೇಲೆ ಎಷ್ಟು ಸಾಲ ಕೊಡಬಹುದು ಅನ್ನುವ ರಿಸರ್ವ್ ಬ್ಯಾಂಕಿನ ಮಿತಿ ದಾಟಿಹೋಗಬಹುದು. ಗಿರಾಕಿ ಕಟ್ಟದೇ ಹೋದರೆ ವಸೂಲಾಗುವ ಮೊತ್ತದ ಲೆಕ್ಕವೂ ತಪ್ಪು. ಒರೆಗಲ್ಲಿನ ಮೇಲೆ ನಡೆದಿದ್ದು ಬ್ಯಾಲೆನ್ಸ್ ಶೀಟಿನವರೆಗೆ ಬರುತ್ತದೆ. ಈಗ ಸ್ಲಿಪ್ಪಿನಲ್ಲಿ ಎರಡನೇ ಸಹಿಗೆ ಜಾಗ ಇದೆ. ಕಲ್ಲಿನ ಒಡವೆಯಾದರೆ ಎರಡನೆಯವರು ಮತ್ತೆ ತೂಗಿ ತಮ್ಮ ಕೈಯಲ್ಲೇ ತೂಕ ಬರೆಯಬೇಕು. ಯಾರಾದರೂ ರಜೆ ಇದ್ದರೆ ಹೆಡ್ ಆಫೀಸಿನಿಂದ ಒಬ್ಬರು ಮಂಜೂರು ಮಾಡುತ್ತಾರೆ. ಗಿರಾಕಿಗೆ ಸ್ವಲ್ಪ ಹೊತ್ತು ಜಾಸ್ತಿ ಆಗುತ್ತದೆ, ಆಗಲಿ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮಂಥ ಬೇಸ್ ಲೇಯರ್, ಅಂದರೆ ಅತಿ ಕೆಳಗಿನ ಸ್ತರದ ಎನ್‌ಬಿಎಫ್‌ಸಿಗಳಲ್ಲಿ, ಬಾಕಿ ಬಿದ್ದು ಎಷ್ಟು ದಿನಕ್ಕೆ ಸಾಲ ಎನ್‌ಪಿಎ (ಕೆಟ್ಟ ಸಾಲ) ಆಗುತ್ತದೆ ಅನ್ನುವುದನ್ನು ರಿಸರ್ವ್ ಬ್ಯಾಂಕ್ ಹಂತಹಂತವಾಗಿ ಇಳಿಸಿತು. 2024ರ ಮಾರ್ಚ್ 31ಕ್ಕೆ 150 ದಿನ, 2025ರ ಮಾರ್ಚ್ 31ಕ್ಕೆ 120, 2026ರ ಮಾರ್ಚ್ 31ಕ್ಕೆ 90. ನಮ್ಮ ಸಾಲದ ಸಾಫ್ಟ್‌ವೇರಿನಲ್ಲಿ ಈ ದಿನಗಳ ಸಂಖ್ಯೆ ಒಂದು ಸೆಟ್ಟಿಂಗ್ಸ್ ಪುಟದಲ್ಲಿ ಕೂತಿರುತ್ತದೆ. ಒಂದೇ ಒಂದು ಚೌಕ. ಅದರಲ್ಲಿನ ಸಂಖ್ಯೆ ಬದಲಾದರೆ ಇಡೀ ಕಂಪನಿಯ ಲಾಭ ಬದಲಾಗುತ್ತದೆ, ಯಾಕೆಂದರೆ ಎನ್‌ಪಿಎ ಆದ ಸಾಲದ ಬಡ್ಡಿಯನ್ನು ದುಡ್ಡು ಕೈಗೆ ಬಂದ ಮೇಲೆ ಮಾತ್ರ ಆದಾಯ ಅಂತ ತೋರಿಸಬೇಕು. ಆ ಚೌಕವನ್ನು ಯಾರು ಬದಲಾಯಿಸಬಹುದು ಅಂತ ಅವರು ಪಟ್ಟಿ ತೆಗೆಸಿದರು. ಸಾಫ್ಟ್‌ವೇರ್ ಕೊಟ್ಟವರ ಸಪೋರ್ಟ್ ಎಂಜಿನಿಯರಿಗೂ ಆ ಹಕ್ಕಿತ್ತು. ಬದಲಾಯಿಸಲು ಯಾರದ್ದೂ ಲಿಖಿತ ಒಪ್ಪಿಗೆ ಬೇಕಿರಲಿಲ್ಲ. ಈಗ ಬೋರ್ಡಿನ ಟಿಪ್ಪಣಿ ಇಲ್ಲದೆ ಆ ಪುಟ ತೆರೆಯುವಂತಿಲ್ಲ. ಬದಲಾಯಿಸಿದ ದಿನ, ಹಳೆಯ ಮಿತಿಗೂ ಹೊಸ ಮಿತಿಗೂ ನಡುವೆ ಬೀಳುವ ಖಾತೆಗಳ ಪಟ್ಟಿ ತೆಗೆದು ಒಂದೊಂದನ್ನೂ ತಾಳೆ ನೋಡಬೇಕು.

ಅದೇ ಹೊತ್ತಿನಲ್ಲಿ ಇನ್ನೊಂದು ಹೊರಬಿತ್ತು. ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ಒಮ್ಮೆ ಎನ್‌ಪಿಎ ಆದ ಸಾಲ ಮತ್ತೆ ಸ್ಟ್ಯಾಂಡರ್ಡ್ (ಸರಿಯಾಗಿ ನಡೆಯುವ ಸಾಲ) ಆಗಬೇಕಾದರೆ ಅಸಲು, ಬಡ್ಡಿ ಎರಡರ ಬಾಕಿಯೂ ಪೂರ್ತಿ ಕಟ್ಟಿರಬೇಕು. ಒಂದು ಟ್ರ್ಯಾಕ್ಟರ್ ಸಾಲದಲ್ಲಿ ಗಿರಾಕಿ ಬರೀ ಒಂದು ಕಂತು ಕಟ್ಟಿದ್ದರು. ಅಂದು ರಾತ್ರಿ ದಿನದ ಲೆಕ್ಕ ಮುಗಿಸುವಾಗ ಸಾಫ್ಟ್‌ವೇರ್ ಅದನ್ನು ಸ್ಟ್ಯಾಂಡರ್ಡ್ ಮಾಡಿಬಿಟ್ಟಿತ್ತು. ಸಾಫ್ಟ್‌ವೇರಿನವರು ಸರಿಮಾಡಿಕೊಟ್ಟರು. ಆದರೆ ಇದನ್ನು ಪತ್ತೆ ಮಾಡಿದ್ದು ಯಾವ ಡ್ಯಾಶ್‌ಬೋರ್ಡೂ ಅಲ್ಲ. ಒಬ್ಬ ಮನುಷ್ಯ ಒಂದು ಖಾತೆಯ ಲೆಡ್ಜರ್ ತೆರೆದು ಸಾಲುಸಾಲಾಗಿ ಓದಿದ್ದಕ್ಕೆ ಸಿಕ್ಕಿತು.

ಸಾಲದ ಸಾಫ್ಟ್‌ವೇರಿಗೂ ಅಕೌಂಟ್ಸ್ ಸಾಫ್ಟ್‌ವೇರಿಗೂ ನಡುವೆ ನಮ್ಮಲ್ಲಿ ಎಕ್ಸೆಲ್ ಅಪ್‌ಲೋಡ್ ಇದೆ. ಆ ಕೊಂಡಿಯ ಮೇಲೆ ಅವರು ಬಹಳ ಹೊತ್ತು ಕಳೆದರು. ಕಳೆದಿದ್ದು ಸರಿಯೇ. 2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣದಲ್ಲಿ ಬೇರೆ ಬ್ಯಾಂಕುಗಳಿಗೆ ಹೋಗುವ ಸ್ವಿಫ್ಟ್ ಸಂದೇಶಗಳು ಬ್ಯಾಂಕಿನ ಮುಖ್ಯ ಲೆಕ್ಕದ ವ್ಯವಸ್ಥೆಯಾದ ಕೋರ್ ಬ್ಯಾಂಕಿಂಗಿಗೆ ಜೋಡಣೆಯಾಗಿರಲಿಲ್ಲ. ಅಷ್ಟು ದೊಡ್ಡ ಬ್ಯಾಂಕಿನಲ್ಲೇ ಎರಡು ವ್ಯವಸ್ಥೆಗಳ ನಡುವಿನ ಸಂದಿಯಲ್ಲಿ ಅಷ್ಟು ದೊಡ್ಡ ಮೋಸ ವರ್ಷಗಟ್ಟಲೆ ಅಡಗಿ ಕೂತಿತ್ತು. ನಮ್ಮಲ್ಲಿ ಈಗ ಎರಡು ಕಡೆಯ ಬಾಕಿಯನ್ನೂ ಪ್ರತಿ ತಿಂಗಳು ಬ್ರಾಂಚುವಾರು ತಾಳೆ ಮಾಡಿ, ವ್ಯತ್ಯಾಸಕ್ಕೆ ಕಾರಣ ಬರೆದು, ಇಬ್ಬರು ಸಹಿ ಹಾಕುತ್ತೇವೆ.

ಆಡಿಟ್ ಟ್ರೇಲ್ ಬಗ್ಗೆ ಒಂದೆರಡು ಮಾತು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಇರಬೇಕು, ಅದನ್ನು ಆಫ್ ಮಾಡಲು ಆಗಬಾರದು. ನಾವು ಲಾಗ್ ಆನ್ ಇರುವುದನ್ನು ತೋರಿಸಿದೆವು. ಡೇಟಾಬೇಸಿನ ಒಳಗೆ ನೇರವಾಗಿ ಹೋಗಿ ಯಾರಾದರೂ ತಿದ್ದಿದರೆ ಅದೂ ದಾಖಲಾಗುತ್ತದಾ ಅಂತ ಅವರು ಕೇಳಿದರು. ಸಾಫ್ಟ್‌ವೇರಿನವರಿಂದ ಆ ಉತ್ತರವನ್ನು ಪತ್ರದಲ್ಲಿ ತರಿಸಲು ಬಹಳ ಕಾದೆವು. ನಿಮ್ಮ ಕಂಪನಿಯಲ್ಲಿ ಈ ಪತ್ರ ಇಲ್ಲದಿದ್ದರೆ ಇವತ್ತೇ ಮೇಲ್ ಹಾಕಿ.

ಟೆಸ್ಟಿಂಗ್, ಅಂದರೆ ಕಂಟ್ರೋಲ್‌ಗಳು ನಿಜವಾಗಿ ನಡೆದಿವೆಯಾ ಅಂತ ಕಾಗದ ತೆಗೆದು ನೋಡುವ ಕೆಲಸ, ಅವರು ಕಟ್ಟುನಿಟ್ಟಾಗಿ ಮಾಡಿದರು. ದಿನಕ್ಕೊಮ್ಮೆ ನಡೆಯುವ ಕ್ಯಾಶ್ ತಾಳೆಗೆ 15 ದಿನದ ಕಾಗದ, ದಿನದಲ್ಲಿ ಹಲವು ಸಲ ನಡೆಯುವ ಸಾಲ ಮಂಜೂರಾತಿಗೆ 25 ಫೈಲ್, ತಿಂಗಳ ತಾಳೆಗೆ ಎರಡು ತಿಂಗಳು. ಯಾವ ಫೈಲ್ ಅಂತ ಅವರೇ ಆರಿಸಿದರು, ನಮ್ಮನ್ನು ಕೇಳಲಿಲ್ಲ. ಜರ್ನಲ್ ಎಂಟ್ರಿಗಳಲ್ಲಿ ತಿಂಗಳ ಕೊನೇ ರಾತ್ರಿ ಹಾಕಿದವು, ಸೊನ್ನೆಗಳಲ್ಲಿ ಮುಗಿಯುವ ರೌಂಡ್ ಮೊತ್ತದವು, ಸಾಮಾನ್ಯವಾಗಿ ಎಂಟ್ರಿ ಹಾಕದವರು ಹಾಕಿದವು, ಇವನ್ನೇ ಎತ್ತಿಕೊಂಡರು.

ಈಗ ದೂರುಗಳು. ದೊಡ್ಡ ದೂರು ಸಮಯದ್ದು. ಎರಡನೇ ಸುತ್ತಿನ ಟೆಸ್ಟಿಂಗಿಗೆ ಡಿಸೆಂಬರಿನಲ್ಲಿ ಬರುತ್ತೇವೆ ಅಂದವರು ಬಂದಿದ್ದು ಮಾರ್ಚಿನಲ್ಲಿ. ಆಡಿಟರ್ ಅಭಿಪ್ರಾಯ ಕೊಡುವುದು ಮಾರ್ಚ್ 31ರ ಸ್ಥಿತಿ ನೋಡಿ. ಡಿಸೆಂಬರಿನಲ್ಲಿ ತಪ್ಪು ಸಿಕ್ಕರೆ ಸರಿಮಾಡಿ, ಸರಿಮಾಡಿದ್ದು ಮೂರು ತಿಂಗಳು ನಡೆದಿದೆ ಅಂತ ತೋರಿಸಬಹುದು. ಮಾರ್ಚಿನಲ್ಲಿ ಸಿಕ್ಕರೆ ತೋರಿಸಲು ದಿನಗಳೇ ಇರುವುದಿಲ್ಲ. ಕೆಲಸ ಬಿಟ್ಟುಹೋದ ಒಬ್ಬರ ಲಾಗಿನ್ ಇನ್ನೂ ಚಾಲ್ತಿಯಲ್ಲಿದ್ದದ್ದು ಹೀಗೆ ಕೊನೇ ಗಳಿಗೆಯಲ್ಲಿ ಸಿಕ್ಕಿತು. ಆ ಲಾಗಿನ್ನಿನಲ್ಲಿ ಯಾವ ಎಂಟ್ರಿಯೂ ಆಗಿಲ್ಲ ಅಂತ ಸಾಬೀತು ಮಾಡಲು ನಮ್ಮ ಹುಡುಗರು ವರ್ಷದ ಕೊನೆಯ ಗಡಿಬಿಡಿಯಲ್ಲಿ ಒದ್ದಾಡಿದರು. ನನಗೆ ಇದರ ಬಗ್ಗೆ ಈಗಲೂ ಸಿಟ್ಟಿದೆ.

ಆ ಹೊತ್ತಿಗೆ ಆ ಆರ್ಟಿಕಲ್ಡ್ ಹುಡುಗಿ ಪರೀಕ್ಷೆಗೆ ರಜೆ ಹಾಕಿದ್ದಳು. ಓದಬೇಕು, ತಪ್ಪೇನಿಲ್ಲ. ಆದರೆ ಅವಳ ನೋಟ್ಸನ್ನು ಹೊಸ ಹುಡುಗರಿಗೆ ಕೊಟ್ಟೇ ಇರಲಿಲ್ಲ. ಅದೇ ಪ್ರಶ್ನೆ, ಅದೇ ಕಾಗದ, ಮತ್ತೆ ಮೊದಲಿಂದ.

ಮತ್ತೆ ಭಾಷೆ. ಬ್ರಾಂಚುಗಳಿಗೆ ಇಂಗ್ಲಿಷಿನಲ್ಲಿ ಉದ್ದನೆಯ ಪ್ರಶ್ನಾವಳಿ ಕಳಿಸಿದ್ದರು. ಎಲ್ಲ ಬ್ರಾಂಚಿನಿಂದಲೂ ಎಲ್ಲ ಪ್ರಶ್ನೆಗೂ "ಎಸ್" ಅಂತಲೇ ಉತ್ತರ ಬಂತು. ಅದೇ ಪ್ರಶ್ನೆಯನ್ನು ಲಕ್ಷ್ಮೇಶ್ವರದಲ್ಲಿ ಆ ಹುಡುಗಿ ಕನ್ನಡದಲ್ಲಿ ಬಾಯಿಮಾತಿನಲ್ಲಿ ಕೇಳಿದಾಗ ಮ್ಯಾನೇಜರ್, ಅಪ್ರೈಸರ್ ಇಬ್ಬರೂ ದಿನಾ ಹೇಗೆ ನಡೆಯುತ್ತದೋ ಹಾಗೇ ಹೇಳಿದರು. ಹೆದರಲಿಲ್ಲ, ಮುಚ್ಚಿಡಲಿಲ್ಲ. ನಾನು ಒತ್ತಾಯ ಮಾಡಿದ ಮೇಲೆ ಪ್ರಶ್ನಾವಳಿ ಕನ್ನಡದಲ್ಲಿ ಬಂತು. ಎರಡೇ ಪುಟ, ಚೊಕ್ಕವಾಗಿತ್ತು. ಅದಕ್ಕೆ ಬಂದ ಉತ್ತರಗಳಲ್ಲಿ "ಇಲ್ಲ" ಅನ್ನುವವೂ ಇದ್ದವು. ನಮಗೆ ಬೇಕಾಗಿದ್ದು ಅವೇ.

ಫೀ ಮೂರೂವರೆ ಲಕ್ಷ, ಮೇಲೆ 18% ಜಿಎಸ್‌ಟಿ, ಓಡಾಟದ ಖರ್ಚು ಬೇರೆ. ನಮ್ಮ ಗಾತ್ರದ ಕಂಪನಿಗೆ ಇದು ಕಡಿಮೆ ದುಡ್ಡಲ್ಲ. ಸ್ಟ್ಯಾಚ್ಯುಟರಿ ಆಡಿಟರ್ ಇವರ ಕಾಗದವನ್ನು ಹಾಗೇ ಒಪ್ಪಿಕೊಳ್ಳಲಿಲ್ಲ, ಒಪ್ಪಿಕೊಳ್ಳಲೂ ಬಾರದು. ತಾವೇ ಮತ್ತೆ ಒಂದು ಬ್ರಾಂಚಿಗೆ ಹೋಗಿ ನೋಡಿದರು. ಆದರೆ ಅವರು ಕೇಳಿದ್ದಕ್ಕೆಲ್ಲ ಉತ್ತರ ಸಿದ್ಧವಿತ್ತು. ಐಎಫ್‌ಸಿ ವರದಿ ಯಾವ ಆಕ್ಷೇಪವೂ ಇಲ್ಲದೆ ಬಂತು. ಲಾಗಿನ್ ವಿಷಯವನ್ನು ಮಾತ್ರ ಬೋರ್ಡಿಗೆ ಬೇರೆ ಪತ್ರದಲ್ಲಿ ತಿಳಿಸಿದರು. ತಿಳಿಸಿದ್ದು ಒಳ್ಳೆಯದೇ ಆಯಿತು. ಬೋರ್ಡು ಕೇಳಿದ ಮೇಲೆ, ರಾಜೀನಾಮೆ ಕೊಟ್ಟವರ ಲಾಗಿನ್ ಮುಚ್ಚುವ ಕೆಲಸ ಎಚ್‌ಆರ್‌ನ ಕೊನೆಯ ಸಂಬಳದ ಫಾರ್ಮಿಗೇ ಸೇರಿತು. ಲಾಗಿನ್ ಮುಚ್ಚಿದ ಸಹಿ ಬೀಳದೆ ಸೆಟ್ಲ್‌ಮೆಂಟ್ ಹೊರಡುವುದಿಲ್ಲ.

ಈ ವರ್ಷವೂ ಅವರಿಗೇ ಕೊಟ್ಟಿದ್ದೇವೆ. ಒಪ್ಪಂದದಲ್ಲಿ ಕೆಲವು ಷರತ್ತು ಸೇರಿಸಿದೆವು. ಬ್ರಾಂಚ್ ಭೇಟಿ ಆಗಸ್ಟಿನೊಳಗೆ. ಎರಡನೇ ಟೆಸ್ಟಿಂಗ್ ಡಿಸೆಂಬರ್ ದಾಟಿದರೆ ಫೀಯಲ್ಲಿ ಕಡಿತ. ಜನ ಬದಲಾದರೆ ನೋಟ್ಸ್ ಹಸ್ತಾಂತರವಾದ ಬಗ್ಗೆ ನಮಗೆ ಮೇಲ್. ಬ್ರಾಂಚಿಗೆ ಹೋಗುವ ಪ್ರಶ್ನೆಗಳೆಲ್ಲ ಕನ್ನಡದಲ್ಲಿ. ಫೀ ಸ್ವಲ್ಪ ಜಾಸ್ತಿ ಕೇಳಿದರು, ಕೊಟ್ಟೆವು. ಇಂಥ ಕೆಲಸಕ್ಕೆ ಕೊಟೇಶನ್ ತರಿಸುವವರು ಮೊತ್ತಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ: ನಿಮ್ಮವರು ಯಾರು, ಯಾವ ಬ್ರಾಂಚಿಗೆ, ಯಾವ ತಿಂಗಳು ಬರುತ್ತಾರೆ? ಇದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡದವರಿಗೆ ಕೆಲಸ ಕೊಡಬೇಡಿ.