ಡಿಜೈರ್‌ಗೆ ಆಂಡ್ರಾಯ್ಡ್ ಸೆಟ್ ಹಾಕಿಸುವವರು ಮೊದಲು ವೈರ್ ಕಟ್ ಮಾಡದ ಅಂಗಡಿ ಹುಡುಕಿ

ನಮ್ಮದು 2014ರ ಡಿಜೈರ್, ಡೀಸೆಲ್, ಝಡ್‌ಡಿಐ. ಕಂಪನಿ ಸ್ಟೀರಿಯೋ ಚೆನ್ನಾಗೇ ಹಾಡುತ್ತಿತ್ತು. ಆದರೆ ಮ್ಯಾಪ್ ಇಲ್ಲ, ಹಿಂದಿನ ಕ್ಯಾಮೆರಾ ಇಲ್ಲ. ಬೆಳಗಾವಿಯಿಂದ ಗೋವಾ ಕಡೆ ಓಡಾಟ ಜಾಸ್ತಿ, ಫೋನನ್ನು ಎಸಿ ಕಿಂಡಿಗೆ ಸಿಕ್ಕಿಸಿಕೊಂಡು ಘಾಟ್ ಇಳಿಯೋದು ಸಾಕಾಗಿತ್ತು. ಹಾಗಾಗಿ 9 ಇಂಚಿನ ಆಂಡ್ರಾಯ್ಡ್ ಸೆಟ್, ಅಂದರೆ ಮ್ಯಾಪ್, ಹಾಡು, ಕ್ಯಾಮೆರಾ ಎಲ್ಲಾ ಒಂದೇ ಟಚ್‌ಸ್ಕ್ರೀನಿನಲ್ಲಿ ನಡೆಯುವ ಸ್ಟೀರಿಯೋ, ಹಾಕಿಸಿದೆ. ಮಳೆಗಾಲ, ಬೇಸಿಗೆ ಎರಡನ್ನೂ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಯಾರೇ ನೋಡಿದರೂ ಮೊದಲು ಕೇಳೋದು ಯಾವ ಸೆಟ್, ಎಷ್ಟು ರ್‍ಯಾಮ್, ಎಷ್ಟು ರೇಟ್ ಅಂತ. ಯಾರು ಕೂರಿಸಿದರು, ಹೇಗೆ ಕೂರಿಸಿದರು ಅಂತ ಒಬ್ಬರೂ ಕೇಳಲ್ಲ. ನನಗೆ ಅದೇ ದೊಡ್ಡ ವಿಷಯ. ಸಾಧಾರಣ ಸೆಟ್ಟನ್ನು ಒಳ್ಳೆ ಕೈ ಕೂರಿಸಿದರೆ ವರ್ಷಗಟ್ಟಲೆ ನಡೆಯುತ್ತೆ, ದುಬಾರಿ ಸೆಟ್ಟನ್ನು ಅವಸರದ ಕೈ ಕೂರಿಸಿದರೆ ಕಾರಿನ ವೈರಿಂಗೇ ಹಾಳು.

ನಾನು ಊರಲ್ಲಿ ಮೂರ್ನಾಲ್ಕು ಅಂಗಡಿ ತಿರುಗಿದೆ. ಎಲ್ಲಾ ಕಡೆ ಒಂದೇ ಪ್ರಶ್ನೆ ಕೇಳಿದೆ: "ಕಪ್ಲರ್ ಹಾಕ್ತೀರೋ, ವೈರ್ ಕಟ್ ಮಾಡ್ತೀರೋ?" ಒಬ್ಬರು ನೇರವಾಗಿ ಹೇಳಿದರು, "ಕಪ್ಲರ್ ಯಾಕ ಬೇಕ್ರಿ ಸರ, ಸುಮ್ನ ರೊಕ್ಕ ದಂಡ. ಕಟ್ ಮಾಡಿ ಜಾಯಿಂಟ್ ಹೊಡದು ಟೇಪ್ ಸುತ್ತತೀವಿ, ಏನೂ ಆಗಂಗಿಲ್ರಿ." ಆಗುತ್ತೆ. ಡ್ಯಾಶ್‌ಬೋರ್ಡ್ ಒಳಗೆ ಬೇಸಿಗೆಯಲ್ಲಿ ಎಷ್ಟು ಕಾವು ಇರುತ್ತೆ ಅಂತ ಕೈ ಹಾಕಿ ನೋಡಿದವರಿಗೇ ಗೊತ್ತು. ಆ ಕಾವಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ, ನಮ್ಮ ರಸ್ತೆಯ ಕುಲುಕಾಟಕ್ಕೆ ಜಾಯಿಂಟ್ ಸಡಿಲ ಆಗುತ್ತೆ, ಆಮೇಲೆ ಶಾರ್ಟ್ ಆದರೆ ಯಾರನ್ನು ಕೇಳೋದು? ಕಪ್ಲರ್ ಅಂದರೆ ಕಂಪನಿ ಸಾಕೆಟ್ಟಿಗೆ ಹಾಗೇ ಸಿಕ್ಕಿಸುವ ಇನ್ನೊಂದು ಸಾಕೆಟ್ ಅಷ್ಟೇ. ನಾಳೆ ಕಾರ್ ಮಾರುವಾಗ ಹೊಸ ಸೆಟ್ ಕಳಚಿ ಹಳೆಯದನ್ನು ಸಿಕ್ಕಿಸಿದರೆ ಮುಗೀತು. ಇನ್ನೂ ವಾರಂಟಿಯಲ್ಲಿರುವ ಕಾರಾದರೆ ಕಟ್ ಮಾಡಿಸುವ ಮಾತೇ ಬೇಡ. ಎಲೆಕ್ಟ್ರಿಕಲ್‌ನಲ್ಲಿ ಏನಾದರೂ ಕೆಟ್ಟರೆ ಕತ್ತರಿಸಿದ ವೈರ್ ತೋರಿಸಿ ವಾರಂಟಿ ಇಲ್ಲ ಅನ್ನಬಹುದು.

ಕೊನೆಗೆ ಖಾನಾಪುರ ರಸ್ತೆ ಕಡೆಯ ಒಂದು ಸಣ್ಣ ಅಂಗಡಿ ಒಪ್ಪಿಗೆ ಆಯಿತು. ಬೋರ್ಡ್ ದೊಡ್ಡದಿಲ್ಲ, ಎಸಿ ಕೋಣೆ ಇಲ್ಲ. ಆದರೆ ಅಲ್ಲಿನ ಫಿಟ್ಟರ್ ಹುಡುಗ ಕೆಲಸ ಶುರು ಮಾಡಿದ ರೀತಿ ನೋಡಿಯೇ ನನಗೆ ಧೈರ್ಯ ಬಂತು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದ. ಪ್ಯಾನೆಲ್ ಎಬ್ಬಿಸೋಕೆ ಸ್ಕ್ರೂಡ್ರೈವರ್ ಹಾಕಲಿಲ್ಲ, ಪ್ಲಾಸ್ಟಿಕ್ ಪಟ್ಟಿ ಹಾಕಿ ಒಂದೊಂದೇ ಲಾಕ್ ಬಿಡಿಸಿದ, ಒಂದು ಗೀರೂ ಬೀಳಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಒಂದು ಡಬ್ಬಿಯ ಮುಚ್ಚಳದಲ್ಲಿ ಹಾಕಿಟ್ಟ. ಹಳೆ ಸೆಟ್ ಹೊರಗೆ ಬಂದ ಮೇಲೆ ಬ್ಯಾಟರಿ ಮತ್ತೆ ಜೋಡಿಸಿ, ಕೀ ತಿರುಗಿಸೋಕೆ ಹೇಳಿ, ಮೀಟರ್ ಹಿಡಿದು ಸಾಕೆಟ್ಟಿನ ಪಿನ್ನುಗಳನ್ನು ನೋಡಿದ. ಯಾವುದರಲ್ಲಿ ಸದಾ 12 ವೋಲ್ಟ್ ಇದೆ, ಯಾವುದರಲ್ಲಿ ಕೀ ಆನ್ ಆದಾಗ ಮಾತ್ರ ಬರುತ್ತೆ ಅಂತ.

ಇದು ಯಾಕೆ ಮುಖ್ಯ ಅಂದರೆ, ಹೊಸ ಸೆಟ್ಟಿನ ಹಳದಿ ವೈರ್ ಸದಾ ಕರೆಂಟ್ ಇರುವ ಕಡೆ ಹೋಗಬೇಕು, ಕೆಂಪು ವೈರ್ ಕೀ ಆನ್ ಆದಾಗ ಬರುವ ಕಡೆ ಹೋಗಬೇಕು, ಕಪ್ಪು ಅರ್ಥಿಂಗ್‌ಗೆ. ಕೆಲವರು ಸುಲಭ ಅಂತ ಹಳದಿ, ಕೆಂಪು ಎರಡನ್ನೂ ಸೇರಿಸಿ ಒಂದೇ ಕಡೆ ಕೊಟ್ಟುಬಿಡುತ್ತಾರೆ. ಎರಡೂ ಕೀ ಕಡೆ ಹೋದರೆ ಪ್ರತಿ ಸಲ ಸೆಟ್ ಮೊದಲಿಂದ ಶುರು ಆಗಬೇಕು, ಕೆಲವು ಸೆಟ್ಟಿನಲ್ಲಿ ಟೈಮು, ರೇಡಿಯೋ ಸ್ಟೇಷನ್ನೂ ಅಳಿಸಿ ಹೋಗುತ್ತೆ. ಎರಡೂ ಸದಾ ಕರೆಂಟ್ ಇರುವ ಕಡೆ ಹೋದರೆ ಸೆಟ್ ಮಲಗೋದೇ ಇಲ್ಲ. ಬಾಗಲಕೋಟೆಯಲ್ಲಿ ನಮ್ಮ ಭಾವನ ಕಾರಿಗೆ ಆಗಿದ್ದು ಇದೇ. ಮದುವೆಗೆ ಅಂತ ಕಾರ್ ಬಿಟ್ಟು ಹೋಗಿ ಬಂದರೆ ಬ್ಯಾಟರಿ ಪೂರ್ತಿ ಇಳಿದಿತ್ತು. ಹೊಸ ಬ್ಯಾಟರಿ ಹಾಕಿಸಿದರು, ಅದೂ ಇಳಿಯಿತು. ಆಮೇಲೆ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಸೆಟ್ ಹೊರಗೆ ಎಳೆದು ಆ ಜಾಯಿಂಟ್ ತೋರಿಸಿದ.

ಈಗ ಜಿಪಿಎಸ್. ಮ್ಯಾಪ್‌ಗೋಸ್ಕರ ಸೆಟ್ ಹಾಕಿಸುವವರು ಇದನ್ನು ಗಮನ ಕೊಟ್ಟು ಓದಿ. ಡಬ್ಬಿಯಲ್ಲಿ ಬೆಂಕಿಪೊಟ್ಟಣದ ಗಾತ್ರದ ಒಂದು ಕಪ್ಪು ಆಂಟೆನಾ ಬರುತ್ತೆ, ಉದ್ದ ವೈರಿನ ತುದಿಯಲ್ಲಿ. ಕಾರ್ ಎಲ್ಲಿದೆ ಅಂತ ಸರಿಯಾಗಿ ಹೇಳೋಕೆ ಕನಿಷ್ಠ ನಾಲ್ಕು ಉಪಗ್ರಹಗಳ ಸಿಗ್ನಲ್ ಅದಕ್ಕೆ ಸಿಗಬೇಕು, ಅಂದರೆ ಅದಕ್ಕೆ ಆಕಾಶ ಕಾಣಬೇಕು. ಎಷ್ಟೋ ಕಡೆ ಇದನ್ನು ಸೆಟ್ಟಿನ ಹಿಂದೆ, ಕಬ್ಬಿಣದ ಬ್ರಾಕೆಟ್ ಪಕ್ಕ ತುರುಕಿ ಮುಚ್ಚಿಬಿಡುತ್ತಾರೆ. ಹಾಗೆ ಮಾಡಿದರೆ ಹೈವೇಯಲ್ಲಿ ಹೋಗುತ್ತಿದ್ದರೂ ಮ್ಯಾಪಿನಲ್ಲಿ ಕಾರ್ ಸರ್ವಿಸ್ ರಸ್ತೆಗೆ ಹಾರುತ್ತೆ, ಇಲ್ಲದ ಕಡೆ ತಿರುಗು ಅನ್ನುತ್ತೆ. ನಮ್ಮ ಫಿಟ್ಟರ್ ಹುಡುಗ ಅದನ್ನು ಮುಂದಿನ ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ, ಮುಖ ಮೇಲೆ ಮಾಡಿ ಅಂಟಿಸಿದ. ವೈರ್ ಎಲ್ಲೂ ಕಾಣಲ್ಲ. ಹಿರೇಬಾಗೇವಾಡಿ ದಾಟಿ ಕಿತ್ತೂರಿನ ಕಡೆ ಹೋಗುವಾಗ ನೋಡಿದೆ, ಹೈವೇ ಬಿಟ್ಟು ಅಲುಗಲಿಲ್ಲ. ಒಂದು ಮಾತು, ಮುಂದಿನ ಗಾಜಿಗೆ ಲೋಹದ ಪದರ ಇರುವ ಬಿಸಿಲು ತಡೆಯುವ ಫಿಲ್ಮ್ ಹಾಕಿಸಿದ್ದರೆ ಸಿಗ್ನಲ್ ಕಡಿಮೆ ಆಗುತ್ತೆ.

ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಮ್ಯಾಪಿಗೆ ಬೇಕು. ಇವೆರಡನ್ನೂ ಒಂದೇ ಅಂದುಕೊಂಡವರು ತುಂಬಾ ಜನ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಇಳಿಯುವಾಗ ಎಷ್ಟೋ ದೂರ ನೆಟ್‌ವರ್ಕ್ ಇರಲ್ಲ. ಮನೆಯ ವೈಫೈನಲ್ಲೇ ಬೆಳಗಾವಿ ಮತ್ತು ಗೋವಾದ ಮ್ಯಾಪ್ ಇಳಿಸಿಟ್ಟುಕೊಂಡರೆ ಘಾಟಿನಲ್ಲೂ ದಾರಿ ಹೇಳುತ್ತೆ, ಟ್ರಾಫಿಕ್ ಮಾತ್ರ ತೋರಿಸಲ್ಲ. ಜೋರು ಮಳೆ, ಮಂಜು, ಮುಂದೆ ಹತ್ತಡಿ ಕಾಣದ ಹೊತ್ತಲ್ಲಿ ಮುಂದಿನ ತಿರುವು ಎಡಕ್ಕೋ ಬಲಕ್ಕೋ ಅಂತ ದೊಡ್ಡ ಸ್ಕ್ರೀನಿನಲ್ಲಿ ಕಾಣೋದು ಎಷ್ಟು ದೊಡ್ಡ ಸಹಾಯ ಅಂತ ಆ ದಾರಿ ಓಡಿಸಿದವರಿಗೆ ಹೇಳಬೇಕಾಗಿಲ್ಲ. ದಾರಿ ಹೇಳುವ ದನಿಯನ್ನು ಕನ್ನಡಕ್ಕೆ ಇಟ್ಟಿದ್ದೇನೆ. ಅದಕ್ಕೆ ಸೆಟ್ಟಿನ ಸೆಟ್ಟಿಂಗಿಗೆ ಹೋಗಿ ಕನ್ನಡ ದನಿಯನ್ನು ಬೇರೆಯಾಗಿ ಇಳಿಸಿಕೊಳ್ಳಬೇಕಾಯಿತು. ಅಮ್ಮ ಪಕ್ಕದಲ್ಲಿ ಕೂತು ದಾರಿ ಕೇಳಿಸಿಕೊಳ್ಳುತ್ತಾರೆ, ನನಗಿಂತ ಮೊದಲು ಅವರೇ ಹೇಳುತ್ತಾರೆ, "ಬಲಕ್ಕ ಹೊರಳಸು."

ಹಿಂದಿನ ಕ್ಯಾಮೆರಾ ವೈರನ್ನು ಫಿಟ್ಟರ್ ಹುಡುಗ ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆಯ ಒಳಗಿಂದಲೇ ಎಳೆದು ತಂದ. ಹೊರಗಿಂದ ತಂದರೆ ಬಾಗಿಲು ಹಾಕಿ ತೆಗೆದು ವೈರ್ ಸವೆಯುತ್ತೆ, ಮಳೆ ನೀರೂ ಒಳಗೆ ಬರುತ್ತೆ. ಸ್ಟೀರಿಂಗ್ ಬಟನ್ ಎಲ್ಲಾ ಕೆಲಸ ಮಾಡುತ್ತವೆ, ಸೆಟ್ಟಿನಲ್ಲಿ ಒಂದೊಂದೇ ಬಟನ್ ಒತ್ತಿ ಕಲಿಸಬೇಕು ಅಷ್ಟೇ. ಹ್ಯಾಂಡ್‌ಬ್ರೇಕ್ ಎಳೆದಾಗ ಮಾತ್ರ ವಿಡಿಯೋ ನಡೆಯಲಿ ಅಂತ ಸೆಟ್ಟಿನಲ್ಲಿ ಒಂದು ಹ್ಯಾಂಡ್‌ಬ್ರೇಕ್ ವೈರ್ ಇರುತ್ತೆ, ಅದನ್ನು ಸರಿಯಾದ ಜಾಗಕ್ಕೇ ಕೊಡಿಸಿದೆ. ಅದನ್ನು ನೇರ ಅರ್ಥಿಂಗ್‌ಗೆ ಕೊಟ್ಟರೆ ಓಡುವಾಗಲೂ ವಿಡಿಯೋ ನಡೆಯುತ್ತೆ, ನನಗೆ ಅದು ಬೇಡ. ಕಾರ್ ಓಡಿಸುವವರ ಮುಂದೆ ಸಿನಿಮಾ ನಡೆಯಬಾರದು.

ಸೆಟ್ ಹೇಗಿದೆ ಅಂದರೆ ಪರವಾಗಿಲ್ಲ. 2 ಜಿಬಿ ರ್‍ಯಾಮ್, 32 ಜಿಬಿ ಜಾಗ. ಇದಕ್ಕಿಂತ ಕಡಿಮೆ ತಗೋಬೇಡಿ, ಮ್ಯಾಪೂ ಹಾಡೂ ಒಟ್ಟಿಗೆ ನಡೆಯುವಾಗ ತಡವರಿಸುತ್ತೆ. ಅಗ್ಗದ ಸೆಟ್ಟುಗಳಲ್ಲಿ ಸೆಟ್ಟಿಂಗಿನಲ್ಲಿ ತೋರಿಸುವ ಆಂಡ್ರಾಯ್ಡ್ ನಂಬರೇ ಸುಳ್ಳು ಇರೋದುಂಟು. ದುಡ್ಡು ಕೊಡುವ ಮೊದಲು ಸೆಟ್ಟಿನ ಒಳಗಿನ ವಿವರ ತೋರಿಸುವ ಸಿಪಿಯು-ಝಡ್ ಥರದ ಆ್ಯಪ್ ಹಾಕಿ ನೋಡಿ. ಡಬ್ಬಿ ಮೇಲಿನ ನಾಲ್ಕು ಗುಣಿಸು 50 ವ್ಯಾಟ್ ಕೂಡ ನಂಬಬೇಡಿ, ಇಂಥ ಸೆಟ್ಟಿನ ಒಳಗಿನ ಆಂಪ್ಲಿಫೈಯರ್ ನಿಜವಾಗಿ ಒಂದೊಂದು ಸ್ಪೀಕರಿಗೆ ಕೊಡೋದು 15ರಿಂದ 20 ವ್ಯಾಟ್. ಕಂಪನಿ ಸ್ಪೀಕರಿಗೆ ಅಷ್ಟು ಸಾಕು, ಸೌಂಡ್ ಹಳೆಯದಕ್ಕಿಂತ ತಿಳಿಯಾಗಿದೆ. ಬೇಜಾರು ಎರಡು. ಏಪ್ರಿಲ್ ಬಿಸಿಲಲ್ಲಿ ವಿಜಯಪುರದಲ್ಲಿ ಕಾರ್ ನಿಲ್ಲಿಸಿ ಬಂದು ಆನ್ ಮಾಡಿದರೆ ಎಸಿ ತಣ್ಣಗಾಗುವ ತನಕ ಸೆಟ್ ನಿಧಾನ. ಮತ್ತೆ ಫೋನ್ ಮಾತು ಆ ಕಡೆಯವರಿಗೆ ಸರಿ ಕೇಳುತ್ತಿರಲಿಲ್ಲ, ಅದಕ್ಕೆ ಅಂಗಡಿಯವರು ಬೇರೆ ಮೈಕ್ ತಂದು ಗಾಜಿನ ಪಕ್ಕದ ಕಂಬಕ್ಕೆ ಹಾಕಿಕೊಟ್ಟರು, ಕೂಲಿ ತಗೊಳ್ಳಲಿಲ್ಲ.

ಸೆಟ್, ಫ್ರೇಮ್, ಕಪ್ಲರ್, ಕ್ಯಾಮೆರಾ, ಕೂಲಿ ಸೇರಿ 15 ಸಾವಿರದ ಒಳಗೆ ಮುಗಿಯಿತು. ಬಿಲ್ ಮೇಲೆ ಸೆಟ್ಟಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಹೊರಗೆ ಹಾಕಿಸಿದ ಸೆಟ್ ಕಾರಿನ ವಿಮೆಯಲ್ಲಿ ತಾನಾಗಿ ಸೇರಲ್ಲ, ಎಲೆಕ್ಟ್ರಿಕಲ್ ಆಕ್ಸೆಸರೀಸ್ ಅಂತ ಬೇರೆ ಸೇರಿಸಿ ಸ್ವಲ್ಪ ಪ್ರೀಮಿಯಂ ಕಟ್ಟಬೇಕು, ಆಗ ಆ ಬಿಲ್ ಬೇಕೇ ಬೇಕು. ಹಳೆ ಸ್ಟೀರಿಯೋ ಮತ್ತು ಅದರ ಸ್ಕ್ರೂ ಕೇಳಿ ಮನೆಗೆ ತನ್ನಿ, ಎಕ್ಸ್‌ಚೇಂಜ್ ಅಂತ ಪುಡಿಗಾಸಿಗೆ ಬಿಟ್ಟು ಬರಬೇಡಿ. ಭಾನುವಾರ ಹೋಗಬೇಡಿ, ಅವತ್ತು ಎಲ್ಲಾ ಅಂಗಡಿಗಳಲ್ಲೂ ಕಾರುಗಳ ಸಾಲು ಇರುತ್ತೆ. ವಾರದ ನಡುವೆ ಬೆಳಿಗ್ಗೆಯೇ ಹೋಗಿ, ಪೂರ್ತಿ ಮುಗಿಯುವ ತನಕ ಅಲ್ಲೇ ನಿಂತು ನೋಡಿ. ಒಳ್ಳೆ ಫಿಟ್ಟರ್ ಆದರೆ ನೀವು ನಿಂತು ನೋಡಿದರೆ ಬೇಜಾರು ಮಾಡಿಕೊಳ್ಳಲ್ಲ.