ಮೆಜ್ಜೆಗೆ ಹೋಗಿ, ಮೇನ್ ಕೋರ್ಸ್ ಬಿಟ್ಟುಬಿಡಿ

ಇಂದಿರಾನಗರದ ಈ ಮೆಡಿಟರೇನಿಯನ್ ರೆಸ್ಟೋರೆಂಟಿನಲ್ಲಿ ಮೆನುವಿನ ಮೊದಲ ಪುಟದ ಅಡುಗೆ ಮಾಡುವವರೇ ಬೇರೆ, ಮೂರನೇ ಪುಟದವರೇ ಬೇರೆ ಇರಬೇಕು. ಒಂದೇ ಅಡುಗೆಮನೆಯಿಂದ ಇಷ್ಟು ಒಳ್ಳೆಯದೂ ಇಷ್ಟು ಸಪ್ಪೆಯದೂ ಹೇಗೆ ಬರುತ್ತೆ ಅಂತ ಇನ್ನೂ ಅರ್ಥವಾಗಿಲ್ಲ. ಹೆಸರು ಹಾಕಿ ಯಾರ ಹೊಟ್ಟೆ ಮೇಲೂ ಹೊಡೆಯುವುದು ಬೇಡ. ಆ ಕಡೆ ಇಂಥವು ಸುಮಾರಿವೆ, ಯಾವುದಕ್ಕೆ ಹೋದರೂ ಈ ಮಾತು ಉಪಯೋಗಕ್ಕೆ ಬಂದೀತು.

ತಂಗಿಗೆ ಬಡ್ತಿ ಸಿಕ್ಕಿತ್ತು, ಊಟ ಅವಳ ಲೆಕ್ಕ. ಜೊತೆಗೆ ನಾನು, ನಮ್ಮನೆಯವರು, ಅಮ್ಮ. ಅಮ್ಮ ಶುದ್ಧ ಸಸ್ಯಾಹಾರಿ. ನಮ್ಮನೆಯವರು ಕುಂದಾಪುರದವರು, ಮೀನಿನ ವಿಷಯದಲ್ಲಿ ಯಾರನ್ನೂ ಸುಲಭಕ್ಕೆ ಒಪ್ಪುವವರಲ್ಲ.

ಬಿಳಿ ಗೋಡೆ, ನೀಲಿ ಕಿಟಕಿ, ಮೇಲಿಂದ ಇಳಿಬಿದ್ದ ಬೋಗನ್‌ವಿಲ್ಲಾ. ನೋಡೋಕೆ ಚೆನ್ನಾಗಿದೆ. ಬೆಳಕು ಮಾತ್ರ ಎಷ್ಟು ಮಂದ ಅಂದರೆ, ಮೆನು ಓದಲು ನಾಲ್ಕೂ ಜನ ಮೊಬೈಲ್ ಟಾರ್ಚ್ ಹಾಕಿಕೊಂಡೆವು. ಕೂತ ಕೂಡಲೇ ‘ಸ್ಟಿಲ್ ಆರ್ ಸ್ಪಾರ್ಕ್ಲಿಂಗ್?’ ಅಂತ ಕೇಳುತ್ತಾರೆ. ಎರಡೂ ಬಾಟ್ಲಿ ನೀರೇ, ಎರಡಕ್ಕೂ ದುಡ್ಡು. ‘ರೆಗ್ಯುಲರ್ ವಾಟರ್ ಕೊಡಿ’ ಅಂದರೆ ತಕರಾರಿಲ್ಲದೆ ತಂದಿಡುತ್ತಾರೆ. ಕೇಳೋಕೆ ಸಂಕೋಚ ಬೇಡ.

ಮೆಜ್ಜೆ ಅಂದರೆ ಸಣ್ಣ ಸಣ್ಣ ತಟ್ಟೆಗಳಲ್ಲಿ ಬರುವ, ಎಲ್ಲರೂ ಹಂಚಿಕೊಂಡು ತಿನ್ನುವ ಐಟಂಗಳು. ಬೇಯಿಸಿದ ಕಡಲೆ ರುಬ್ಬಿ ಮಾಡುವ ಹಮ್ಮಸ್ ಮೊದಲು ಬಂತು. ನಮ್ಮೂರಿನ ಬಹಳ ಕಡೆ ಹಮ್ಮಸ್ ಫ್ರಿಜ್ಜಿನಿಂದ ನೇರ ಮೇಜಿಗೆ ಬರುತ್ತೆ, ಗಟ್ಟಿಯಾಗಿ, ತರಿತರಿಯಾಗಿ. ಇಲ್ಲಿಯದು ಬೆಚ್ಚಗಿತ್ತು. ಕಡಲೆಯನ್ನು ಚಿಟಿಕೆ ಸೋಡ ಹಾಕಿ ಬೇಯಿಸಿದರೆ ಸಿಪ್ಪೆ ತಾನಾಗಿ ಬಿಡುತ್ತೆ. ಎಳ್ಳಿನ ಪೇಸ್ಟ್, ಅಂದರೆ ತಹಿನಿ, ರುಬ್ಬುವಾಗ ಐಸ್ ನೀರು ಹಾಕಿದರೆ ಬೆಳ್ಳಗೆ, ಹಗುರ ಆಗುತ್ತೆ. ಆ ಎರಡೂ ಕೆಲಸವನ್ನು ಇವರು ಶ್ರದ್ಧೆಯಿಂದ ಮಾಡಿದ್ದಾರೆ ಅಂತ ಮೊದಲ ತುತ್ತಿಗೇ ಗೊತ್ತಾಯಿತು. ಬೆಳ್ಳುಳ್ಳಿ ಹಿಂದೆ ನಿಂತಿತ್ತು, ನಿಂಬೆ ಮುಂದಿತ್ತು. ಮಧ್ಯದ ಗುಂಡಿಯಲ್ಲಿ ಆಲಿವ್ ಎಣ್ಣೆ, ನುಂಗಿದ ಮೇಲೆ ಗಂಟಲಲ್ಲಿ ಸ್ವಲ್ಪ ಖಾರ ಬಿಡುವಂಥದ್ದು. ಒಳ್ಳೆಯ ಎಣ್ಣೆಯ ಗುಣ ಅದು.

ಬಾಬಾ ಗನೂಷ್ ಬಂದಾಗ ಅಮ್ಮ ಒಂದು ಚೂರು ಬಾಯಿಗಿಟ್ಟು, ವೇಟರ್ ಹುಡುಗನನ್ನು ಕರೆದರು. ‘ಬದನೆಕಾಯಿ ಗ್ಯಾಸ್ ಮೇಲೆ ಸುಟ್ಟಿದ್ದೋ, ಕೆಂಡದಲ್ಲೋ, ಕೇಳ್ಕೊಂಡ್ ಬಾಪ್ಪ.’ ಅವನು ನಗುತ್ತಾ ಒಳಗೆ ಹೋಗಿ ಬಂದು ‘ಇದ್ದಿಲು ಕೆಂಡ ಅಮ್ಮಾ’ ಅಂದ. ‘ಅದಕ್ಕೇ ಮತ್ತೆ’ ಅಂತ ಅಮ್ಮ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ನಮಗೆ ಸಿಕ್ಕಿದ್ದು ಅಷ್ಟಕ್ಕಷ್ಟೆ.

ನನ್ನ ಪಾಲಿಗೆ ಮಾತ್ರ ಎಲ್ಲಕ್ಕಿಂತ ಮೇಲೆ ನಿಂತಿದ್ದು ಮುಹಮ್ಮರ. ಸಿರಿಯಾದ ಅಲೆಪ್ಪೊ ಕಡೆಯ ತಿನಿಸು. ಸುಟ್ಟ ಕೆಂಪು ಕ್ಯಾಪ್ಸಿಕಂ, ವಾಲ್‌ನಟ್, ದಾಳಿಂಬೆ ರಸವನ್ನು ಕುದಿಸಿ ಮಂದ ಮಾಡಿದ ಪಾಕ. ಹುಳಿ, ಸಿಹಿ, ಖಾರ ಮೂರೂ ಇದೆ, ಯಾವುದೂ ಇನ್ನೊಂದನ್ನು ತುಳಿಯಲ್ಲ. ವಾಲ್‌ನಟ್ ಪೂರ್ತಿ ನುಣ್ಣಗಾಗದೆ ಅಲ್ಲಲ್ಲಿ ಹಲ್ಲಿಗೆ ಸಿಗುತ್ತಿತ್ತು. ಪಿಟಾ ಬ್ರೆಡ್ ಒಲೆಯಿಂದ ಉಬ್ಬಿಕೊಂಡೇ ಬಂತು, ಹರಿದರೆ ಒಳಗಿಂದ ಹಬೆ. ಎರಡು ಸಲ ಎಕ್ಸ್‌ಟ್ರಾ ತರಿಸಿದೆವು. ಒಂದು ಬುಟ್ಟಿಗೆ 150 ರೂಪಾಯಿ ಜಾಸ್ತಿಯೇ, ಆದರೂ ತರಿಸಿದೆವು. ಫಲಾಫಲ್, ಅಂದರೆ ಕಡಲೆ ರುಬ್ಬಿ ಕರಿದ ವಡೆ, ಪರವಾಗಿಲ್ಲ.

ಹಲೂಮಿ ಚೀಸ್ ಬಗ್ಗೆ ಒಂದು ತಕರಾರಿದೆ. ಅದು ಸೈಪ್ರಸ್ ದ್ವೀಪದ್ದು. ಯುರೋಪಿನ ಒಕ್ಕೂಟದಲ್ಲಿ 2021ರಿಂದ ಆ ಹೆಸರಿಗೆ ರಕ್ಷಣೆ ಇದೆ, ನಮ್ಮಲ್ಲಿ ಮೈಸೂರು ರೇಷ್ಮೆಗೆ ಜಿಐ, ಅಂದರೆ ಊರಿನ ಹೆಸರಿನ ಗುರುತು, ಇದ್ದಂತೆ. ಕಾವಲಿ ಮೇಲೆ ಹಾಕಿದರೂ ಕರಗಲ್ಲ, ಕಚ್ಚಿದರೆ ಹಲ್ಲಿನ ನಡುವೆ ಕೀಚ್ ಅನ್ನಬೇಕು. ಇಲ್ಲಿಯದು ಕೀಚ್ ಅನ್ನಲೇ ಇಲ್ಲ. ಉಪ್ಪು ಹಾಕಿದ ಪನೀರ್ ತಿಂದ ಹಾಗಾಯಿತು. ಕೇಳಿದರೆ, ‘ಇಲ್ಲೇ ಲೋಕಲ್ ಆಗಿ ಮಾಡಿಸ್ತೀವಿ ಮೇಡಂ’ ಅಂದರು. ಮಾಡಿಸಲಿ, ತಪ್ಪೇನಿಲ್ಲ. ಹಾಗಂತ ಮೆನುವಿನಲ್ಲಿ ಬರೆಯಬಹುದಲ್ವಾ? 795 ರೂಪಾಯಿ ತಗೋತಾರೆ.

ಇಷ್ಟಕ್ಕೇ ಎದ್ದು ಬಂದಿದ್ದರೆ ಖುಷಿಯಾಗಿ ಬರುತ್ತಿದ್ದೆವು. ಮೇನ್ ಕೋರ್ಸಿಗೆ ಇಡೀ ಸೀ ಬಾಸ್ ಮೀನು ಹೇಳಿದೆವು, 1,950 ರೂಪಾಯಿ. ಹೊರಗಡೆ ಚರ್ಮ ಗರಿಗರಿ, ಮೇಲೆ ಓರೆಗಾನೊ, ನಿಂಬೆ ಹೋಳು, ಫೋಟೋಗೆ ಹೇಳಿಮಾಡಿಸಿದಂತಿತ್ತು. ನಮ್ಮನೆಯವರು ಮುಳ್ಳಿನ ಹತ್ತಿರದ ಮಾಂಸ ಬಿಡಿಸಿ, ಬಾಯಿಗಿಟ್ಟು, ಸುಮ್ನೆ ನಿಂಬೆಹಣ್ಣು ಹಿಂಡತೊಡಗಿದರು. ಹತ್ತಿಯ ಹಾಗೆ ಒಣಗಿತ್ತು. ಇನ್ನೊಂದು ಅಣಬೆ ರಿಸೊಟ್ಟೊ, ಇಟಲಿ ಕಡೆಯ ಅನ್ನದ ತಿನಿಸು. ತಟ್ಟೆ ಬರುವ ಮುಂಚೆಯೇ ಟ್ರಫಲ್ ಅನ್ನುವ ದುಬಾರಿ ಅಣಬೆಯ ಹೆಸರಿನ ಎಣ್ಣೆಯ ವಾಸನೆ ಬಂತು. ಅಂಗಡಿಯಲ್ಲಿ ಸಿಗುವ ಬಹುಪಾಲು ಟ್ರಫಲ್ ಎಣ್ಣೆಯ ಘಮ ಲ್ಯಾಬಿನದು. ಆ ಘಮದ ಕೆಳಗೆ ಅಣಬೆಯ ರುಚಿ ಹುಡುಕಿದರೂ ಸಿಗಲಿಲ್ಲ, ಅಕ್ಕಿ ಮಾತ್ರ ಮುದ್ದೆಯಾಗಿತ್ತು.

ಕೊನೆಗೆ ಕುನಾಫಾ. 20 ನಿಮಿಷ ಕಾಯಬೇಕು ಅಂತ ಮೊದಲೇ ಹೇಳಿದರು, ಅದೇ ಒಳ್ಳೆಯ ಲಕ್ಷಣ. ಶ್ಯಾವಿಗೆಯಂಥ ಹಿಟ್ಟಿನ ಎಳೆಗಳು ತುಪ್ಪದಲ್ಲಿ ಕೆಂಪಗಾಗಿದ್ದವು, ಒಳಗೆ ಎಳೆಎಳೆಯಾಗಿ ಬರುವ ಚೀಸ್, ಮೇಲೆ ಪಿಸ್ತಾ ಪುಡಿ. ಸಕ್ಕರೆ ಪಾಕವನ್ನು ನಮ್ಮೆದುರಿಗೇ ಹಾಕಿದರು. ‘ಸ್ವಲ್ಪ ಸಾಕು’ ಅಂದರೆ ಅಷ್ಟಕ್ಕೇ ನಿಲ್ಲಿಸುತ್ತಾರೆ.

ಬಿಲ್ಲಿನಲ್ಲಿ ಶೇ 10 ಸರ್ವಿಸ್ ಚಾರ್ಜ್ ಸೇರಿಸಿದ್ದರು. ಇದನ್ನು ತಾವಾಗಿ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತಂಗಿ ‘ತೆಗೀರಿ’ ಅಂದಳು, ಮ್ಯಾನೇಜರ್ ಮರುಮಾತಾಡದೆ ತೆಗೆದರು. ಇದ್ದಿಲ ವಿಷಯ ಕೇಳಿಕೊಂಡು ಬಂದ ಹುಡುಗನ ಕೈಗೆ ಅಮ್ಮನೇ 300 ರೂಪಾಯಿ ಕೊಟ್ಟರು.

ಮೂರು ನಿಂಬೆ ಪುದೀನ ಜ್ಯೂಸೂ ಸೇರಿ, ಶೇ 5 ಜಿಎಸ್‌ಟಿ ಹಾಕಿ 8,248 ಆಯಿತು. ಮೀನು, ರಿಸೊಟ್ಟೊ ಎರಡನ್ನೂ ಬಿಟ್ಟಿದ್ದರೆ 5,300ರ ಒಳಗೆ ನಾಲ್ಕು ಜನರ ಹೊಟ್ಟೆ ತುಂಬುತ್ತಿತ್ತು. ಹೋಗುವವರು ಏಳು ಗಂಟೆಗೇ ಹೋಗಿ, ಹೊರಗಿನ ಮೇಜು ಕೇಳಿ. ಎಂಟೂವರೆ ಮೇಲೆ ಒಳಗಡೆ ಮ್ಯೂಸಿಕ್ ಜೋರಾಗುತ್ತೆ, ಪಕ್ಕದಲ್ಲಿದ್ದವರ ಮಾತೂ ಕೇಳಿಸಲ್ಲ.