ಎಡ್ಜ್‌ಫೀಲ್ಡ್ ಕರೋನರ್ ಕಡತಗಳ ಡಿಜಿಟಲ್ ಸಂಗ್ರಹ: ಚಿತ್ರಗಳು ಚೆನ್ನ, ಪಟ್ಟಿ ನಂಬುವಂತಿಲ್ಲ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಎಡ್ಜ್‌ಫೀಲ್ಡ್ ಕೌಂಟಿಯ ಹತ್ತೊಂಬತ್ತನೆಯ ಶತಮಾನದ ಕರೋನರ್ (ಅನುಮಾನಾಸ್ಪದ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ) ಕಡತಗಳನ್ನು ಸ್ಕ್ಯಾನ್ ಮಾಡಿ, ಹುಡುಕಾಟದ ಸೌಲಭ್ಯದೊಂದಿಗೆ ಉಚಿತವಾಗಿ ಒದಗಿಸಿರುವ ಸಂಗ್ರಹವೊಂದನ್ನು ಕೆಲಕಾಲದಿಂದ ಬಳಸುತ್ತಿದ್ದೇನೆ. ಪುಟಗಳ ಚಿತ್ರಗಳ ಮಟ್ಟಿಗೆ ಇದಕ್ಕೆ ಪೂರ್ಣ ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ಆದರೆ ಆ ಚಿತ್ರಗಳನ್ನು ತಲುಪುವುದಕ್ಕೆ ಇಟ್ಟಿರುವ ಏಕೈಕ ದಾರಿ, ಎಂದರೆ ಹೆಸರು, ವರ್ಷ, ಸಾವಿನ ಕಾರಣ ಎಂಬ ಮೂರು ಕಲಮುಗಳ ಪಟ್ಟಿ, ಆ ವಿಚಾರಣೆಗೆ ಕೂತ ಜ್ಯೂರಿಯ ತೀರ್ಪನ್ನೇ ನಡೆದ ಸಂಗತಿಯೆಂದು ಒಪ್ಪಿಸಿಬಿಡುತ್ತದೆ. ಈ ಕೌಂಟಿಯ ಮಟ್ಟಿಗೆ ಅದು ಸಣ್ಣ ದೋಷವಲ್ಲ.

ಎಡ್ಜ್‌ಫೀಲ್ಡ್‌ನ ಹೆಸರು ಕೇಳಿದವರಿಗೆ ಅದರ ಖ್ಯಾತಿಯೂ ಗೊತ್ತಿರುತ್ತದೆ. 1856ರ ಮೇ 22ರಂದು ಅಮೆರಿಕದ ಸೆನೆಟ್ ಸಭಾಂಗಣದಲ್ಲಿ ಗುಲಾಮಗಿರಿಯ ವಿರೋಧಿ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ಬೆತ್ತದಿಂದ ಪ್ರಜ್ಞೆ ತಪ್ಪುವಂತೆ ಬಡಿದ ಪ್ರೆಸ್ಟನ್ ಬ್ರೂಕ್ಸ್ ಈ ಊರಿನವರು. ಮುಂದೆ ಟೆಕ್ಸಾಸ್‌ನಿಂದ ಸೆನೆಟರ್ ಆದ ಲೂಯಿಸ್ ವಿಗ್‌ಫಾಲ್ 1840ರಲ್ಲಿ ಒಬ್ಬ ಯುವಕನನ್ನು ಗುಂಡಿಕ್ಕಿ ಕೊಂದದ್ದು ಇಲ್ಲಿನ ಕೋರ್ಟಿನ ಎದುರಿನಲ್ಲೇ. ಅದಾದ ಸ್ವಲ್ಪ ದಿನಕ್ಕೆ ಇದೇ ಬ್ರೂಕ್ಸ್‌ರೊಡನೆ ಅವರು ದ್ವಂದ್ವಯುದ್ಧಕ್ಕೂ ಇಳಿದರು. ಮಾನ ಹೋಯಿತೆಂದು ಪಿಸ್ತೂಲು ಎತ್ತುವ ಗಣ್ಯರ ಕಥೆಗಳನ್ನು ಇತಿಹಾಸಕಾರರು ಬೇಕಾದಷ್ಟು ಬರೆದಿದ್ದಾರೆ. ಕರೋನರ್ ಕಡತಗಳ ಬೆಲೆ ಇರುವುದು ಆ ಗಣ್ಯರಾಚೆಯ ಸಾವುಗಳಲ್ಲಿ: ಬಾವಿಗೆ ಬಿದ್ದವರು, ಒಲೆಯ ಬೆಂಕಿ ಬಟ್ಟೆಗೆ ತಗುಲಿ ಸತ್ತ ಮಕ್ಕಳು, ಕುಡಿದ ಅಮಲಿನಲ್ಲಿ ಸಾರಾಯಿ ಅಂಗಡಿಯ ಮುಂದೆ ಚೂರಿ ತಿಂದವರು, ಹೊಲದಲ್ಲಿ ಹೊಡೆತಕ್ಕೆ ಬಿದ್ದ ಗುಲಾಮರು. ಅಕಾಲ ಅಥವಾ ಅನುಮಾನಾಸ್ಪದ ಸಾವುಗಳಷ್ಟೇ ಇಲ್ಲಿಗೆ ಬರುವುದರಿಂದ ಇದನ್ನು ಆ ನಾಡಿನ ಮರಣಪಟ್ಟಿಯೆಂದು ತಿಳಿಯಬಾರದು.

ಮೊದಲು ಕಾಗದದ ವಿಚಾರ. ಒಂದು ವಿಚಾರಣೆಯ ಕಾಗದಗಳನ್ನು ಮೂರು ಮಡಿಕೆ ಮಾಡಿ, ಹೊರಮೈಯಲ್ಲಿ ಸತ್ತವರ ಹೆಸರು ಮತ್ತು ತಾರೀಕು ಬರೆದು ಕಟ್ಟುಕಟ್ಟಿ ಇಡುತ್ತಿದ್ದರು. ಸ್ಕ್ಯಾನ್ ಮಾಡಿದವರು ಆ ಹೊರಮೈಯನ್ನೂ ಬಿಟ್ಟಿಲ್ಲ. ಮಡಿಕೆಯ ಗೆರೆಯಲ್ಲಿ ಮಾಸಿದ ಅಕ್ಷರಗಳನ್ನು ಹಿಗ್ಗಿಸಿ ಓದಬಹುದು. ಒಳಗಿನ ತೀರ್ಪಿನ ಹಾಳೆ ಇಂಗ್ಲೆಂಡಿನ ಹಳೆಯ ಕಾನೂನಿನಿಂದ ಬಂದ ಸಿದ್ಧ ಒಕ್ಕಣೆಯಲ್ಲಿ ಇರುತ್ತದೆ: ಇಂಥ ಸ್ಥಳದಲ್ಲಿ, ಇಂಥ ಕರೋನರರ ಸಮಕ್ಷಮ, ಅಲ್ಲೇ ಸತ್ತು ಬಿದ್ದಿದ್ದ ಇಂಥವರ ಶವವನ್ನು ಕಂಡು, ಪ್ರಮಾಣ ಮಾಡಿದ ಈ ಸಜ್ಜನರು ಹೇಳುವುದೇನೆಂದರೆ, ಎಂದು ಆರಂಭ. ಕೊಲೆಯಾದರೆ, ಆರೋಪಿಯು ದೇವರ ಭಯವನ್ನು ಕಣ್ಣೆದುರು ಇಟ್ಟುಕೊಳ್ಳದೆ ಸೈತಾನನ ಪ್ರಚೋದನೆಗೆ ಒಳಗಾಗಿ ಹೀಗೆ ಮಾಡಿದನೆಂಬ ಮಾತು. ಆಮೇಲೆ ಗಾಯದ ಉದ್ದ, ಆಳ ಅಂಗುಲಗಳ ಲೆಕ್ಕದಲ್ಲಿ. ಒಮ್ಮೊಮ್ಮೆ ಆಯುಧದ ಬೆಲೆಯೂ. ಸಾವಿಗೆ ಕಾರಣವಾದ ವಸ್ತುವನ್ನು ದೊರೆಗೆ ಒಪ್ಪಿಸುತ್ತಿದ್ದ ಇಂಗ್ಲೆಂಡಿನ ಪದ್ಧತಿ ದೊರೆಯೇ ಇಲ್ಲದ ನಾಡಿನಲ್ಲೂ ಬರವಣಿಗೆಯಲ್ಲಿ ಹೀಗೆ ಉಳಿದುಕೊಂಡಿತ್ತು. ಕೊನೆಯಲ್ಲಿ ಜ್ಯೂರಿಯ ಸಹಿಗಳು. ಬರೆಯಲು ಬಾರದವರ ಹೆಸರನ್ನು ಬೇರೊಬ್ಬರು ಬರೆದು, ಹೆಸರಿಗೂ ಮನೆತನದ ಹೆಸರಿಗೂ ನಡುವೆ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಒಂದು ಕತ್ತರಿ ಗುರುತು, ಅದರ ಮೇಲೂ ಕೆಳಗೂ ‘ಅವನ ಗುರುತು’ ಎಂಬ ಎರಡು ಪುಟ್ಟ ಪದಗಳು. ಅಕ್ಷರಗಳ ನಡುವೆ ನಡುಗುತ್ತ ಎಳೆದ ಆ ಎರಡು ಗೆರೆಗಳನ್ನು ಪರದೆಯ ಮೇಲೆ ಇಷ್ಟು ಸ್ಪಷ್ಟವಾಗಿ ತೋರಿಸಿರುವುದು ಈ ಸಂಗ್ರಹದ ನಿಜವಾದ ಸಾಧನೆ.

ಪಟ್ಟಿಯ ‘ಸಾವಿನ ಕಾರಣ’ ಕಲಮಿಗೆ ಭರ್ತಿಯಾಗಿರುವುದು ಈ ತೀರ್ಪಿನ ಹಾಳೆಯ ಒಂದೆರಡು ಪದಗಳು ಮಾತ್ರ. ಕರೋನರ್ ವೈದ್ಯನಾಗಿರಬೇಕೆಂಬ ನಿಯಮವಿರಲಿಲ್ಲ. ಆತ ದೂರದಲ್ಲಿದ್ದರೆ ಹತ್ತಿರದ ಮ್ಯಾಜಿಸ್ಟ್ರೇಟರೇ ಅವನ ಕೆಲಸ ಮಾಡುತ್ತಿದ್ದರು. ಜ್ಯೂರಿಯಲ್ಲಿ ಕೂರುತ್ತಿದ್ದವರು ಸತ್ತವನನ್ನೂ ಕೊಂದವನನ್ನೂ ಬಲ್ಲ ನೆರೆಹೊರೆಯವರು. ‘ದೈವೇಚ್ಛೆಯಿಂದ ಮರಣ’ ಎಂದು ಅವರು ಬರೆದಲ್ಲೆಲ್ಲ ಹೃದಯಾಘಾತವೋ, ಪಾರ್ಶ್ವವಾಯುವೋ, ಬೇರೆ ಏನಾದರೂ ಇತ್ತೋ ತಿಳಿಯಬೇಕಾದರೆ ಹಿಂದಿನ ಹಾಳೆಗಳಲ್ಲಿರುವ ಸಾಕ್ಷಿಗಳ ಹೇಳಿಕೆಗೇ ಹೋಗಬೇಕು. ಮೊದಲು ಬೈದವರು ಯಾರು, ಬಂದೂಕು ಎಲ್ಲಿಂದ ಬಂತು, ಗಂಡ ಎಷ್ಟು ಹೊತ್ತಿಗೆ ಮನೆಗೆ ಬಂದ ಎಂಬುದೆಲ್ಲ ಸಿಗುವುದು ಅಲ್ಲಿಯೇ. ಮಲಗಿದ್ದಾಗ ತಾಯಿಯ ಮೈಯಡಿ ಸಿಕ್ಕಿ ಉಸಿರುಗಟ್ಟಿತೆಂದು ದಾಖಲಾದ ಶಿಶುಗಳ ವಿಷಯದಲ್ಲಂತೂ ಪಟ್ಟಿ ಕ್ರೂರವಾಗಿದೆ. ಇಂದಿನ ವೈದ್ಯರು ಹಠಾತ್ ಶಿಶುಮರಣವೆಂದು ಗುರುತಿಸಬಹುದಾದ ಸಾವುಗಳೂ, ಬೇಕೆಂದೇ ಮಾಡಿದ ಹತ್ಯೆಗಳೂ ಆ ಒಂದೇ ಪದದಡಿ ಸೇರಿಕೊಂಡಿವೆ; ಎಲ್ಲದರಲ್ಲೂ ತಪ್ಪು ತಾಯಿಯದೇ ಆಗಿ ಕಾಣುತ್ತದೆ.

ನನ್ನ ಮುಖ್ಯ ಆಕ್ಷೇಪ ಇರುವುದು ಗುಲಾಮರ ಸಾವುಗಳನ್ನು ಪಟ್ಟಿ ಮಾಡಿರುವ ರೀತಿಯಲ್ಲಿ. ಅಂತರ್ಯುದ್ಧಕ್ಕೆ ಮುಂಚೆ ಎಡ್ಜ್‌ಫೀಲ್ಡ್‌ನ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರಾಗಿದ್ದರು. ಅವರ ಶವಗಳ ಮೇಲೂ ವಿಚಾರಣೆ ನಡೆಯುತ್ತಿತ್ತು, ಆದರೆ ಕಾಗದದ ಮೇಲೆ ಅವರು ಇಂಥ ಯಜಮಾನನ ಆಸ್ತಿಯಾದ ಇಂಥ ಹೆಸರಿನವರು, ಮನೆತನದ ಹೆಸರಿಲ್ಲ. ಪಟ್ಟಿ ತಯಾರಿಸಿದವರು ‘ಹೆಸರು’ ಕಲಮಿನಲ್ಲಿ ಯಜಮಾನನ ಹೆಸರನ್ನೇ ತುಂಬಿರುವುದರಿಂದ, ಹುಡುಕಿದವರಿಗೆ ಸತ್ತವರ ಬದಲು ಒಡೆಯ ಸಿಗುತ್ತಾನೆ. ಕಾನೂನಿನ ಹಿನ್ನೆಲೆಯ ಒಂದು ಟಿಪ್ಪಣಿಯನ್ನೂ ಕೊಟ್ಟಿಲ್ಲ. 1740ರ ಕಾಯ್ದೆಯ ಪ್ರಕಾರ ಗುಲಾಮನನ್ನು ಬೇಕೆಂದೇ ಕೊಂದರೂ ಶಿಕ್ಷೆ 700 ಪೌಂಡ್ ದಂಡ. ‘ತಿದ್ದುವಾಗ’ ಹೊಡೆತ ಮೀರಿ ಸತ್ತರೆ ಅದರ ಅರ್ಧ. ಬಿಳಿಯ ಸಾಕ್ಷಿ ಇಲ್ಲದಿದ್ದರೆ ಆರೋಪಿ ತಾನೇ ಪ್ರಮಾಣ ಮಾಡಿ ಪಾರಾಗಬಹುದಿತ್ತು. 1821ರಲ್ಲಿ ಉದ್ದೇಶಪೂರ್ವಕ ಕೊಲೆಗೆ ಮರಣದಂಡನೆ ಬಂತು, ಆವೇಶದಲ್ಲಿ ಕೊಂದರೆ 500 ಡಾಲರ್‌ವರೆಗಿನ ದಂಡ ಮತ್ತು ಆರು ತಿಂಗಳವರೆಗಿನ ಸೆರೆ ಎಂದಾಯಿತು. ಆದರೆ ಕಪ್ಪು ಜನರು ಬಿಳಿಯರ ವಿರುದ್ಧ ಸಾಕ್ಷಿ ಹೇಳುವಂತಿರಲಿಲ್ಲ. ಇಷ್ಟು ತಿಳಿದ ಮೇಲೆ, ಪಟ್ಟಿಯಲ್ಲಿ ಗುಲಾಮರ ಮುಂದೆ ‘ಆಕಸ್ಮಿಕ’ ಎಂಬ ಪದ ಕಂಡಾಗ ಅದನ್ನು ಅಂಕಿ-ಅಂಶಕ್ಕೆ ಎತ್ತಿಕೊಳ್ಳುವ ಧೈರ್ಯ ಯಾರಿಗೆ ಬಂದೀತು? ಯಾರು ಸಾಕ್ಷಿ ಹೇಳಬಹುದಿತ್ತು, ಯಾರು ಹೇಳುವಂತಿರಲಿಲ್ಲ ಎಂಬ ಒಂದು ಪುಟದ ಪೀಠಿಕೆಯಿದ್ದರೆ ಸಂಗ್ರಹದ ಉಪಯೋಗ ಇಮ್ಮಡಿಯಾಗುತ್ತಿತ್ತು.

ಗುಲಾಮಗಿರಿ ಹೋದ ಮೇಲಿನ ಕಡತಗಳ ಧ್ವನಿ ಸ್ವಲ್ಪ ಬೇರೆ. ಕಪ್ಪು ಜನರು ಜ್ಯೂರಿಗೂ ಬರುತ್ತಾರೆ, ಸಾಕ್ಷಿಕಟ್ಟೆಗೂ ಏರುತ್ತಾರೆ, ಮನೆತನದ ಹೆಸರೂ ಬರುತ್ತದೆ. 1877ರಲ್ಲಿ ಪುನರ್ನಿರ್ಮಾಣದ (ಅಂತರ್ಯುದ್ಧದ ನಂತರ ಕಪ್ಪು ಜನರಿಗೂ ಪಾಲಿದ್ದ ಆಡಳಿತದ) ಸರ್ಕಾರ ಬಿದ್ದ ನಂತರ ‘ಅಪರಿಚಿತರ ಕೈಯಿಂದ ಮರಣ’ ಎಂಬ ತೀರ್ಪಿನ ಅರ್ಥ ಏನೆಂದು ಆ ಕಾಲದ ಗುಂಪುಹತ್ಯೆಗಳ ಚರಿತ್ರೆ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಡುಹಗಲು ಹತ್ತಾರು ಜನರೆದುರು ನಡೆದ ಕೊಲೆಗೂ ಅಪರಿಚಿತರೇ ಹೊಣೆ. ಪಟ್ಟಿ ಇದನ್ನು ಕಳ್ಳರ ಕೈಯಲ್ಲಿ ಸತ್ತ ದಾರಿಹೋಕನ ಸಾಲಿಗೇ ಸೇರಿಸಿದೆ.

ಬಳಸಲು ಹೊರಟವರಿಗೆ ಒಂದು ಸಲಹೆ: ಕಾರಣದ ಕಲಮನ್ನು ಬಿಟ್ಟು ವರ್ಷವನ್ನಷ್ಟೇ ಕೊಟ್ಟು ಹುಡುಕಿ, ಕಡತವನ್ನು ಹಿಂದಿನಿಂದ ತೆರೆದು ಹೇಳಿಕೆಗಳನ್ನು ಮೊದಲು ಓದಿ, ತೀರ್ಪಿನ ಹಾಳೆಗೆ ಕೊನೆಗೆ ಬನ್ನಿ. ನಿಧಾನದ ಕೆಲಸ, ಕೈಬರಹ ರೂಢಿಯಾಗುವವರೆಗೆ ಕಣ್ಣಿಗೂ ಶ್ರಮ. ವಂಶಾವಳಿ ಹುಡುಕುವವರು ಇದರಿಂದ ಬೇಗ ಬೇಸತ್ತಾರು; ಆ ಕಾಲದ ಹಿಂಸೆಯ ಸ್ವರೂಪ ಅರಿಯಬೇಕೆನ್ನುವವರಿಗೆ ಬೇರೆ ದಾರಿಯಿಲ್ಲ.

ಇನ್ನೊಂದು ಎಚ್ಚರಿಕೆ ಗಡಿಗಳದು. 1868ರವರೆಗೆ ಇದು ಕೌಂಟಿಯಲ್ಲ, ಡಿಸ್ಟ್ರಿಕ್ಟ್. ಹಳೆಯ ಕಾಗದಗಳಲ್ಲಿ ಆ ಹೆಸರೇ ಇದೆ. 1871ರಲ್ಲಿ ಇದರ ಒಂದು ಭಾಗ ಏಕನ್ ಕೌಂಟಿಗೆ ಹೋಯಿತು, 1890ರ ದಶಕದಲ್ಲಿ ಸಲೂಡಾ ಮತ್ತು ಗ್ರೀನ್‌ವುಡ್ ಕೌಂಟಿಗಳಿಗೂ ನೆಲ ಹಂಚಿಹೋಯಿತು. 1876ರ ಜುಲೈ 8ರಂದು ಹ್ಯಾಂಬರ್ಗ್‌ನಲ್ಲಿ ಬಿಳಿಯರ ಗುಂಪು ಕಪ್ಪು ಮಿಲಿಷಿಯಾದವರನ್ನು (ರಾಜ್ಯದ ನಾಗರಿಕ ಸೇನಾಪಡೆಯವರನ್ನು) ಸೆರೆಹಿಡಿದು ಕೊಂದ ಪ್ರಕರಣವನ್ನು ಇಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಆ ಊರು ಏಕನ್‌ಗೆ ಸೇರಿತ್ತು. ಗುಲಾಮನಾಗಿ ಹುಟ್ಟಿ, ಅಂತರ್ಯುದ್ಧದಲ್ಲಿ ಉತ್ತರದ ಪಕ್ಷದ (ಯೂನಿಯನ್) ಸೇನೆಯಲ್ಲಿ ಸಾರ್ಜೆಂಟ್ ಆಗಿ, ನಂತರ ಹ್ಯಾಂಬರ್ಗ್‌ನ ನ್ಯಾಯಾಧಿಕಾರಿಯಾದ ಪ್ರಿನ್ಸ್ ರಿವರ್ಸ್ ಇದ್ದದ್ದು ಅಲ್ಲಿಯೇ. ಆ ಸಾವುಗಳ ಮೇಲೆ ಕೂತ ಜ್ಯೂರಿ ಹಲವು ಹತ್ತು ಬಿಳಿಯರನ್ನು ಹೆಸರಿಸಿ ಆರೋಪ ಹೊರಿಸಿತು, ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಎಡ್ಜ್‌ಫೀಲ್ಡ್ ಎಂದು ಹುಡುಕಿ ಖಾಲಿ ಫಲಿತಾಂಶ ಕಂಡವರು ಅಂಥ ಘಟನೆಯೇ ಇಲ್ಲವೆಂದುಕೊಳ್ಳದಂತೆ, ಯಾವ ವರ್ಷದಲ್ಲಿ ಯಾವ ಊರು ಯಾವ ಕೌಂಟಿಯಲ್ಲಿತ್ತು ಎಂಬ ಒಂದು ನಕ್ಷೆಯನ್ನಾದರೂ ಹುಡುಕಾಟದ ಪುಟದಲ್ಲೇ ಇಡಬೇಕಿತ್ತು.